ಅಸ್ಥಿಭಗ್ನಚಿಕಿತ್ಸೆಯ ಪೂರ್ವೋತ್ತರ

ನಮ್ಮ ಗುಲ್ವಾಡಿಯ ಹೆಸರನ್ನು ದೂರದ ಕನ್ನಡಿಗರು ಕೇಳಿರುವುದು ಬಹುಮಟ್ಟಿಗೆ ೧೮೯೯ರಲ್ಲಿ ಪ್ರಕಟವಾದ ‘ಇಂದಿರಾಬಾಯಿ’ ಕಾದಂಬರಿಯ ಕರ್ತೃಗಳಾದ ಗುಲ್ವಾಡಿ ವೆಂಕಟರಾಯರಿಂದ. ಊರಲ್ಲೇ ಇರುವ ನಮಗಾದರೋ ಗುಲ್ವಾಡಿಯೆಂದರೆ ತೆಂಗು, ಕಂಗು, ಗದ್ದೆ, ಹೊಳೆ. ಮರವೇರುವವರಿರುವಲ್ಲಿ ಮರದಿಂದ ಬೀಳುವವರೂ ಇರುತ್ತಾರೆ. ಮಳೆಗಾಲದಲ್ಲಿ ಪಾಚಿಗಟ್ಟಿದ ಕಾಲುಸಂಕದ ಮೇಲೆ ಜಾರುವವರು, ಗದ್ದೆಯಂಚಿನಲ್ಲಿ ಕಾಲು ಹೊರಳಿಸಿಕೊಳ್ಳುವವರು, ಕಂಬಳದ ಕೋಣಗಳ ಹಿಂದೆ ಓಡಿ ಮುಗ್ಗರಿಸುವವರು ಪ್ರತಿವರ್ಷವೂ ಉಂಟು. ಆದಕಾರಣ ಈ ಪ್ರಾಂತದ ಜನರ ಬಾಯಲ್ಲಿ ಉಳುಕು, ಕೀಲು ತಪ್ಪುವುದು, ಎಲುಬು ಮುರಿಯುವುದು ಎಂಬ ಮೂರು ಮಾತುಗಳು ಹಿಂದಿನಿಂದಲೂ ಬೇರೆ ಬೇರೆಯಾಗಿಯೇ ಬಳಕೆಯಲ್ಲಿವೆ. ಒಂದನ್ನು ಇನ್ನೊಂದೆಂದು ಹೇಳಿದರೆ ಅಜ್ಜಿಯಂದಿರು ತಿದ್ದುತ್ತಾರೆ. ಈ ಭೇದವನ್ನು ಶಾಸ್ತ್ರಕಾರರು ಹೇಗೆ ಕಂಡರು, ಚಿಕಿತ್ಸೆಯನ್ನು ಹೇಗೆ ಮಾಡಿದರು, ಆ ವಿದ್ಯೆ ನಡುವೆ ಯಾವ ದಾರಿ ಹಿಡಿಯಿತು ಎಂಬುದನ್ನು ವಾಚಕರೊಡನೆ ವಿಚಾರಿಸುವುದು ಈ ಲೇಖನದ ಉದ್ದೇಶ.

ಸುಶ್ರುತಸಂಹಿತೆಯ ನಿದಾನಸ್ಥಾನದ ೧೫ನೆಯ ಅಧ್ಯಾಯವೂ ಚಿಕಿತ್ಸಾಸ್ಥಾನದ ೩ನೆಯ ಅಧ್ಯಾಯವೂ ಪೂರ್ಣವಾಗಿ ಭಗ್ನವಿಷಯಕ್ಕೆ ಮೀಸಲಾಗಿವೆ. ಗ್ರಂಥಕಾರನು ಮೊದಲಿಗೆ ಭಗ್ನವನ್ನು ಸಂಧಿಮುಕ್ತ, ಕಾಂಡಭಗ್ನ ಎಂದು ಎರಡಾಗಿ ವಿಂಗಡಿಸುತ್ತಾನೆ. ಕೀಲು ಸ್ಥಾನ ಬಿಡುವುದು ಸಂಧಿಮುಕ್ತ. ಎಲುಬಿನ ದಂಡವೇ ಮುರಿಯುವುದು ಕಾಂಡಭಗ್ನ. ಮೊದಲನೆಯದರಲ್ಲಿ ಆರು ಬಗೆ, ಎರಡನೆಯದರಲ್ಲಿ ಹನ್ನೆರಡು ಬಗೆ. ಆ ಹನ್ನೆರಡರ ಹೆಸರುಗಳಲ್ಲಿ ಕೆಲವನ್ನು ಕೇಳಿದರೆ ಸಾಕು, ನೋಡಿ ಹೆಸರಿಟ್ಟವನ ಕಣ್ಣಿನ ತೀಕ್ಷ್ಣತೆ ತಿಳಿಯುತ್ತದೆ. ಮುರಿದ ಎರಡು ತುದಿಗಳು ತಗ್ಗಿ ನಡುವೆ ಗಂಟಿನಂತೆ ಉಬ್ಬಿದ್ದರೆ ಅದು ಏಡಿಯನ್ನು ಹೋಲುವ ‘ಕರ್ಕಟಕ’; ತುಂಡು ಕುದುರೆಯ ಕಿವಿಯಂತೆ ಮೇಲೆದ್ದಿದ್ದರೆ ‘ಅಶ್ವಕರ್ಣ’; ಮುಟ್ಟಿದಾಗ ಪುಡಿಯಾದದ್ದು ತಿಳಿದುಬಂದರೆ ‘ಚೂರ್ಣಿತ’; ಒಂದು ಎಲುಬಿನ ತುಂಡು ಮಜ್ಜೆಯೊಳಗೆ ಹೊಕ್ಕರೆ ‘ಮಜ್ಜಾನುಗತ’; ಮುರಿಯದೆ ಬಾಗಿ ನಿಂತರೆ ‘ವಕ್ರ’. ಊತ, ಮಿಡಿತ, ಮುಟ್ಟಿದರೆ ಸಹಿಸಲಾಗದಿರುವುದು, ಒತ್ತಿದರೆ ಒಳಗೆ ಶಬ್ದವಾಗುವುದು, ಅಂಗವು ಜೋತುಬೀಳುವುದು, ಹೇಗೆ ಮಲಗಿದರೂ ಸುಖವಿಲ್ಲದಿರುವುದು ಇವು ಕಾಂಡಭಗ್ನದ ಸಾಮಾನ್ಯ ಲಕ್ಷಣಗಳು. ಕ್ಷ-ಕಿರಣವಿಲ್ಲದ ಕಾಲದ ವೈದ್ಯನಿಗೆ ಬೆರಳು, ಕಿವಿ, ಕಣ್ಣು ಈ ಮೂರೇ ಉಪಕರಣಗಳಾಗಿದ್ದವು.

ಎಲುಬುಗಳೆಲ್ಲವೂ ಒಂದೇ ರೀತಿಯಲ್ಲಿ ಕೆಡುವುದಿಲ್ಲವೆಂಬುದನ್ನೂ ಆತನು ಗಮನಿಸಿದ್ದಾನೆ. ಮೂಗು ಕಿವಿಗಳಲ್ಲಿರುವ ಎಳೆಯ ‘ತರುಣ’ ಅಸ್ಥಿಗಳು ಬಾಗುತ್ತವೆ, ಕೈಕಾಲುಗಳ ಕೊಳವೆಯಂಥ ‘ನಲಕ’ಗಳು ಮುರಿಯುತ್ತವೆ, ತಲೆಬುರುಡೆ ಮೊದಲಾದ ‘ಕಪಾಲ’ಗಳು ಸೀಳುತ್ತವೆ, ಹಲ್ಲುಗಳು ಬಿರಿಯುತ್ತವೆ. ಸುಶ್ರುತನ ಎಣಿಕೆಯಲ್ಲಿ ಅಸ್ಥಿಗಳು ೩೦೦, ಚರಕನ ಎಣಿಕೆಯಲ್ಲಿ ೩೬೦, ಇಂದಿನ ಶಾರೀರಶಾಸ್ತ್ರದಲ್ಲಿ ಪ್ರಾಯದವರಿಗೆ ೨೦೬. ಈ ಅಂತರವನ್ನು ಹಿಡಿದುಕೊಂಡು ಪ್ರಾಚೀನರನ್ನು ಹಾಸ್ಯಮಾಡುವವರುಂಟು. ಹಲ್ಲುಗಳನ್ನೂ ಮೃದ್ವಸ್ಥಿಗಳನ್ನೂ ಲೆಕ್ಕಕ್ಕೆ ಸೇರಿಸಿದರೆ ಎಣಿಕೆ ಏರುವುದು ಸಹಜ. ಇದರಲ್ಲಿ ನಗುವಂಥದೇನೂ ಇಲ್ಲ.

ಕೀಲುಗಳಿಗೆ ಇಟ್ಟ ಹೆಸರುಗಳು ಮನೆಯ ಒಳಗಿನಿಂದಲೇ ಬಂದವು. ತೋಳು ಹೆಗಲನ್ನು ಸೇರುವ, ತೊಡೆ ಸೊಂಟವನ್ನು ಸೇರುವ ಸಂಧಿ ‘ಉಲೂಖಲ’, ಎಂದರೆ ಒರಳು. ತಲೆಬುರುಡೆಯ ಎಲುಬುಗಳ ಕೂಡುಗೆ ‘ತುನ್ನಸೇವನಿ’, ಎಂದರೆ ಬಟ್ಟೆಯ ಹೊಲಿಗೆ. ದವಡೆಯ ಕೀಲು ‘ವಾಯಸತುಂಡ’, ಕಾಗೆಯ ಕೊಕ್ಕು. ಒರಳಿನಲ್ಲಿ ಒನಕೆ ಸುತ್ತಲೂ ತಿರುಗುವಂತೆ ಹೆಗಲಲ್ಲಿ ತೋಳು ತಿರುಗುತ್ತದೆಂಬುದನ್ನು ಮಕ್ಕಳಿಗೆ ಇದಕ್ಕಿಂತ ಸುಲಭವಾಗಿ ಹೇಳುವ ದಾರಿಯನ್ನು ನಾನು ಕಾಣೆ. ಇನ್ನು ಸ್ನಾಯುಗಳ ವಿಷಯ. ಈಗಿನ ಕನ್ನಡ ಪಾಠಪುಸ್ತಕಗಳಲ್ಲಿ ಸ್ನಾಯುವೆಂದರೆ ಮಾಂಸಖಂಡ, ಪ್ರಾಚೀನರಲ್ಲಿ ಹಾಗಲ್ಲ. ಎಲುಬುಗಳನ್ನು ಬಿಗಿಯುವ ನಾರು, ಕಟ್ಟು, ಹುರಿಗಳೇ ಸ್ನಾಯು. ಮಾಂಸಖಂಡಕ್ಕೆ ಪೇಶಿಯೆಂಬ ಹೆಸರು ಬೇರೆ ಇದೆ. ಹಲವು ಹಲಗೆಗಳನ್ನು ಹಲವು ಕಟ್ಟುಗಳಿಂದ ಬಿಗಿದಾಗಲೇ ದೋಣಿಯು ನೀರಿನಲ್ಲಿ ಭಾರ ಹೊರಬಲ್ಲುದು, ಹಾಗೆಯೇ ಸಂಧಿಗಳು ಸ್ನಾಯುಗಳಿಂದ ಬಿಗಿಯಲ್ಪಟ್ಟದ್ದರಿಂದಲೇ ಮನುಷ್ಯನು ಭಾರಸಹನಾಗಿದ್ದಾನೆ ಎಂದು ಶಾರೀರಸ್ಥಾನದಲ್ಲಿ ಹೇಳಿದೆ. ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹಲಗೆ ಹೊಲಿದು ದೋಣಿ ಕಟ್ಟುತ್ತಿದ್ದ ಪಡುಗಡಲ ತೀರದವರಾದ ನಮಗೆ ಇದರ ಅರ್ಥವಾಗಲು ವ್ಯಾಖ್ಯಾನ ಬೇಕಿಲ್ಲ. ಎಲುಬು, ಪೇಶಿ, ಸಿರೆ, ಸಂಧಿಗಳಿಗಾದ ಪೆಟ್ಟಿಗಿಂತಲೂ ಸ್ನಾಯುವಿಗಾದ ಪೆಟ್ಟು ಮನುಷ್ಯನನ್ನು ಹೆಚ್ಚಾಗಿ ಕೆಡಿಸುತ್ತದೆಂಬ ಎಚ್ಚರಿಕೆಯೂ ಅಲ್ಲೇ ಇದೆ. ಬಡಗುತಿಟ್ಟಿನ ವೇಷಧಾರಿಯು ಮಂಡಿಯೂರಿ ರಂಗಸ್ಥಳದಲ್ಲಿ ಸುತ್ತು ತಿರುಗುವುದನ್ನು ನೋಡಿ ಚಪ್ಪಾಳೆ ತಟ್ಟುವ ನಾವು, ಅದೇ ಕಲಾವಿದನು ನಡುಪ್ರಾಯ ದಾಟಿದ ಮೇಲೆ ಮೆಟ್ಟಲು ಇಳಿಯುವುದನ್ನೂ ಒಮ್ಮೆ ನೋಡಬೇಕು. ಮುರಿದ ಎಲುಬು ಒಂದು ಋತುವಿನಲ್ಲಿ ಕೂಡುತ್ತದೆ. ಸವೆದ ಕೀಲು, ಹರಿದ ನಾರು ಹಾಗಲ್ಲ. ಹೆಜ್ಜೆ ತಪ್ಪಿಟ್ಟು ಹರಡಿನಲ್ಲಿ ನೋವು ನಿಲ್ಲುವುದಕ್ಕೆ ‘ವಾತಕಂಟಕ’ವೆಂದೂ, ತೋಳು ಮೇಲೆತ್ತಲಾಗದಂತೆ ಹೆಗಲು ಸೆಟೆಯುವುದಕ್ಕೆ ‘ಅವಬಾಹುಕ’ವೆಂದೂ ಶಾಸ್ತ್ರವು ಬೇರೆ ಹೆಸರು ಕೊಟ್ಟು, ಇವನ್ನು ಭಗ್ನದಲ್ಲಿ ಸೇರಿಸದೆ ವಾತವ್ಯಾಧಿಗಳಲ್ಲಿ ಸೇರಿಸಿತು.

ಇನ್ನು ಚಿಕಿತ್ಸೆ. ಎಳೆಯುವುದು, ಒತ್ತುವುದು, ಸ್ಥಾನಕ್ಕೆ ಕೂಡಿಸುವುದು, ಕಟ್ಟುವುದು ಇವು ನಾಲ್ಕು ಕರ್ಮಗಳು. ತಗ್ಗಿದ ತುಂಡನ್ನು ಮೇಲೆತ್ತಬೇಕು, ಎದ್ದದ್ದನ್ನು ಒತ್ತಬೇಕು, ದಾಟಿಹೋದದ್ದನ್ನು ಎಳೆದು ತರಬೇಕು. ಹೆಗಲಿನ ಕೀಲು ತಪ್ಪಿದ್ದರೆ ಕಂಕುಳನ್ನು ಒನಕೆಯಿಂದ ಮೇಲೆತ್ತಿ ತೋಳನ್ನು ಸ್ಥಾನಕ್ಕೆ ತಂದು ಸ್ವಸ್ತಿಕಬಂಧ ಹಾಕಬೇಕೆಂದು ಸುಶ್ರುತನು ಹೇಳುತ್ತಾನೆ. ಆಶ್ಚರ್ಯವೇನೆಂದರೆ ಯವನದೇಶದ ಹಿಪೊಕ್ರೇಟಿಸನ ಹೆಸರಿನಲ್ಲಿರುವ ಸಂಧಿಗ್ರಂಥದಲ್ಲಿಯೂ ಇದೇ ಕೆಲಸಕ್ಕೆ ಮೆತ್ತನೆಯ ಬಟ್ಟೆ ಸುತ್ತಿದ ಒನಕೆಯೇ ಬರುತ್ತದೆ. ಯಾರಿಂದ ಯಾರು ಕಲಿತರೆಂದು ಜಗಳವಾಡುವವರು ಆಡಲಿ. ಧಾನ್ಯ ಕುಟ್ಟುವ ಮನೆಗಳೆಲ್ಲದರಲ್ಲಿಯೂ ಒನಕೆಯಿತ್ತು, ಹೆಗಲುಗಳೆಲ್ಲವೂ ಒಂದೇ ರೀತಿಯಲ್ಲಿ ತಪ್ಪುತ್ತಿದ್ದವು ಎಂಬಷ್ಟರಲ್ಲೇ ನನಗೆ ಸಮಾಧಾನ.

ಕಟ್ಟುವುದಕ್ಕೆ ದಬ್ಬೆಗಳಾಗಿ ಹಿಪ್ಪೆ, ಅತ್ತಿ, ಅಶ್ವತ್ಥ, ಮುತ್ತುಗ, ಹೊಳೆಮತ್ತಿ, ಆಲ ಇವುಗಳ ತೊಗಟೆಯೂ ಬಿದಿರೂ ವಿಹಿತ. ಇವುಗಳಲ್ಲಿ ಹೆಚ್ಚಿನವು ನಮ್ಮ ಕಡೆಗೂ ಅಪರಿಚಿತವಲ್ಲ. ಮೊಣಕಾಲ ಕೆಳಗೂ ತೊಡೆಯಲ್ಲೂ ಮುರಿದವರಿಗೆ ‘ಕಪಾಟಶಯನ’ವೆಂಬ ಹಲಗೆಯ ಹಾಸಿಗೆ. ಆ ಹಲಗೆಗೆ ಐದು ಗೂಟಗಳು: ಸಂಧಿಯ ಒಂದೊಂದು ಬದಿಗೆ ಎರಡೆರಡು, ಅಂಗಾಲಿಗೆ ಒಂದು. ಕಾಲು ಎತ್ತಲೂ ಕದಲದಂತೆ ನಿಲ್ಲಿಸುವ ಉಪಾಯವಿದು. ಅಂಗೈಯ ಎಲುಬು ಕೂಡಿದ ಮೇಲೆ ರೋಗಿಯು ಮೊದಲು ಮಣ್ಣಿನ ಮುದ್ದೆಯನ್ನು, ಬಳಿಕ ಉಪ್ಪಿನ ಗಟ್ಟಿಯನ್ನು, ಬಲ ಬಂದ ಮೇಲೆ ಕಲ್ಲನ್ನು ಹಿಡಿಯುವ ಅಭ್ಯಾಸ ಮಾಡಬೇಕು. ಈಗ ಆಸ್ಪತ್ರೆಯಲ್ಲಿ ರಬ್ಬರಿನ ಚೆಂಡು ಕೊಟ್ಟು ಹಿಸುಕಲು ಹೇಳುವುದೂ ಇದೇ ಕ್ರಮವಲ್ಲವೆ? ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಿಗೆ, ನಡುವಯಸ್ಸಿನಲ್ಲಿ ಎರಡು ತಿಂಗಳಿಗೆ, ಮುಪ್ಪಿನಲ್ಲಿ ಮೂರು ತಿಂಗಳಿಗೆ ಕೂಡುಗೆ ಸ್ಥಿರವಾಗುತ್ತದೆಂಬ ಲೆಕ್ಕವು ಇಂದಿನ ವೈದ್ಯರು ಹೇಳುವ ಲೆಕ್ಕಕ್ಕೆ ಬಹು ದೂರವಾದುದಲ್ಲ. ಸೊಟ್ಟಾಗಿ ಕೂಡಿದ ಎಲುಬನ್ನು ಮತ್ತೆ ಮುರಿದು ಸರಿಪಡಿಸುವ ಧೈರ್ಯವೂ ಆತನಿಗಿತ್ತು.

ಇಷ್ಟೆಲ್ಲದರಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಕಟ್ಟನ್ನು ಬಿಚ್ಚುವ ವಿಧಿ. ತಂಪು ಋತುಗಳಲ್ಲಿ ಏಳು ದಿನಕ್ಕೊಮ್ಮೆ, ಸಾಧಾರಣ ಋತುಗಳಲ್ಲಿ ಐದು ದಿನಕ್ಕೊಮ್ಮೆ, ಬಿಸಿಲ ಕಾಲದಲ್ಲಿ ಮೂರು ದಿನಕ್ಕೊಮ್ಮೆ, ಇಲ್ಲವೆ ಪೆಟ್ಟಿನ ಸ್ವರೂಪ ನೋಡಿ ಬಿಚ್ಚಿ ಕಟ್ಟಬೇಕು. ಸಡಿಲವಾದರೆ ಕೂಡುಗೆ ನಿಲ್ಲದು. ಬಿಗಿಯಾದರೆ ಚರ್ಮಾದಿಗಳಲ್ಲಿ ಊತ, ನೋವು, ಕೊಳೆತ. ಆದಕಾರಣ ಬಲ್ಲವರು ಮಧ್ಯಮ ಕಟ್ಟನ್ನೇ ಮೆಚ್ಚುತ್ತಾರೆ. ಕಟ್ಟುವುದು ಬಲದ ಕೆಲಸವೆಂದು ತಿಳಿದವರು ಈ ನಾಲ್ಕು ಮಾತುಗಳನ್ನು ಓದಬೇಕು. ಬಿಗಿದ ಗಂಟಿನೊಳಗೆ ಏನು ನಡೆಯುತ್ತಿದೆಯೆಂದು ದಿನ ಹಾಕಿಕೊಂಡು ನೋಡುವುದೇ ಇಲ್ಲಿ ವೈದ್ಯ. ಮಿಕ್ಕದ್ದು ಬಟ್ಟೆ ಸುತ್ತುವುದು.

ಇಂಥ ವಿದ್ಯೆ ಏಕೆ ಕುಗ್ಗಿತು? ಶಾಸ್ತ್ರವನ್ನು ಮಾತ್ರ ಬಲ್ಲವನೂ ಕರ್ಮವನ್ನು ಮಾತ್ರ ಬಲ್ಲವನೂ ಒಂದೇ ರೆಕ್ಕೆಯ ಹಕ್ಕಿಯಂತೆಂದು ಸುಶ್ರುತನೇ ಹೇಳಿದ್ದನು. ಶವವನ್ನು ನೀರಿನಲ್ಲಿಟ್ಟು ಏಳು ರಾತ್ರಿ ಕಳೆದ ಮೇಲೆ ಪದರ ಪದರವಾಗಿ ತೆಗೆದು ಕಣ್ಣಾರೆ ನೋಡಿ ಕಲಿಯಬೇಕೆಂದೂ ವಿಧಿಸಿದ್ದನು. ಕಾಲಾಂತರದಲ್ಲಿ ಶವಸ್ಪರ್ಶಕ್ಕೆ ಅಶೌಚದ ಭಯ ಹತ್ತಿತು. ಗ್ರಂಥವು ಪಂಡಿತರ ಮನೆಯಲ್ಲಿ ಉಳಿಯಿತು, ಕೈಗೆಲಸವು ಅಕ್ಷರ ಕಲಿಯದವರ ಮನೆಯಲ್ಲಿ ಉಳಿಯಿತು. ಹನ್ನೆರಡನೆಯ ಶತಮಾನದಲ್ಲಿ ಡಲ್ಹಣನು ‘ನಿಬಂಧಸಂಗ್ರಹ’ವೆಂಬ ಉತ್ತಮ ವ್ಯಾಖ್ಯಾನ ಬರೆದನು, ಪಾಠ ನಿಂತಿತು, ಪ್ರಯೋಗ ತೆಳುವಾಯಿತು. ಪಾಠಶಾಲೆಯಲ್ಲಿ ಓದಿದ ನಮ್ಮಂಥವರು ಹನ್ನೆರಡು ಭಗ್ನಗಳ ಹೆಸರನ್ನು ತಡೆಯಿಲ್ಲದೆ ಹೇಳಬಲ್ಲೆವು. ಎದುರಿಗೆ ಮುರಿದ ಕೈಯೊಂದು ಬಂದರೆ ಪಕ್ಕದ ಮನೆಯವರನ್ನು ಕೂಗುತ್ತೇವೆ. ಇತ್ತ, ಎಲುಬು ಕಟ್ಟುವವರಿಗೆ ಆ ಹೆಸರುಗಳೊಂದೂ ಬೇಕಿರಲಿಲ್ಲ. ತಂದೆಯ ಕೈ ನೋಡಿ ಮಗ ಕಲಿತನು.

ನಮ್ಮ ಪ್ರಾಂತದಲ್ಲಿ ನಾನು ಕಂಡ ಅಂಥ ಹಿರಿಯರೊಬ್ಬರ ವಿಷಯ ಹೇಳಬೇಕು. ಅವರು ರೋಗಿಯನ್ನು ಕೂರಿಸಿಕೊಂಡು, “ಮರ ಯಾವುದು ಮಾರಾಯ, ಎಷ್ಟೆತ್ತರ?” ಎಂದು ಮಾತು ತೆಗೆದು, ಆತ ಉತ್ತರ ಹೇಳುತ್ತಿರುವಾಗಲೇ ಎಲುಬನ್ನು ಸ್ಥಾನಕ್ಕೆ ತರುತ್ತಿದ್ದರು. ಎಣ್ಣೆ ಸವರಿ, ಬಟ್ಟೆ ಸುತ್ತಿ, ಬಿದಿರಿನ ದಬ್ಬೆಯಿಟ್ಟು ಕಟ್ಟಿದ ಮೇಲೆ ರೋಗಿಯ ಉಗುರನ್ನು ಒತ್ತಿ ಬಿಟ್ಟು, ಕೆಂಪು ಮರಳುವುದನ್ನು ನೋಡಿಯೇ ಏಳುವರು. ಮರುದಿನ ತಾವಾಗಿ ನಡೆದು ಬಂದು ಮತ್ತೆ ಉಗುರು ನೋಡುವರು. ಸುಶ್ರುತನ ಹೆಸರನ್ನು ಅವರು ಕೇಳಿದ್ದಂತೆ ತೋರಲಿಲ್ಲ. ಕೆಲವು ವರ್ಷಗಳ ತರುವಾಯ ನನ್ನ ತರಗತಿಯ ಹುಡುಗನೊಬ್ಬನು ಗೇರುಮರದಿಂದ ಬಿದ್ದು ಮೊಣಕೈ ಮುರಿದುಕೊಂಡನು. ಬೇರೆ ಊರಿನ ಒಬ್ಬರು ಕಟ್ಟಿದರು. ಎಂಟು ದಿನ ಬಿಚ್ಚಬಾರದೆಂದು ಕಟ್ಟಪ್ಪಣೆ ಮಾಡಿದರು. ಹುಡುಗ ಎರಡು ರಾತ್ರಿ ಅತ್ತನು. ಎಲುಬು ಕೂಡುವಾಗ ನೋವಿರುವುದು ಸಹಜವೆಂದು ಮನೆಯವರು ಸಮಾಧಾನ ಹೇಳಿದರು. ಮೂರನೆಯ ದಿನ ಅಳು ನಿಂತಿತು; ಗುಣವಾಯಿತೆಂದು ಎಲ್ಲರೂ ಸಂತೋಷಪಟ್ಟರು. ನಿಜವಾಗಿ ನಿಂತದ್ದು ನರಗಳ ಚೇತನ. ಎಲುಬೇನೋ ಕೂಡಿತು; ಬೆರಳುಗಳು ಮಾತ್ರ ಹಕ್ಕಿಯ ಪಂಜದಂತೆ ಮಡಿಚಿಯೇ ಉಳಿದವು. ಆ ಹುಡುಗನ ಅಕ್ಷರ ತರಗತಿಯಲ್ಲೇ ದುಂಡಾದದ್ದಾಗಿತ್ತು. ಅನಂತರ ಎಡಗೈಯಲ್ಲಿ ಬರೆಯಲು ಕಲಿತನು.

ಇದು ನಾಟಿ ಕಟ್ಟಿನ ದೋಷವೇ ಹೊರತು ವೈದ್ಯಾಲಯದ ಕಟ್ಟಿನಲ್ಲಿ ಹೀಗಾಗದೆಂದು ತಿಳಿಯಬಾರದು. ಹಾಲೆಂಡಿನ ಸೈನ್ಯವೈದ್ಯ ಮಾಥೈಸೆನ್ ಎಂಬಾತನು ಬಟ್ಟೆಗೆ ಜಿಪ್ಸಮ್ಮಿನ ಪುಡಿ ತಿಕ್ಕಿ, ನೀರಿನಲ್ಲಿ ನೆನೆಸಿ ಸುತ್ತುವ ಪ್ಲಾಸ್ಟರಿನ ಕಟ್ಟನ್ನು ೧೮೫೨ರಲ್ಲಿ ಪ್ರಕಟಿಸಿದನು. ಕೆಲವು ನಿಮಿಷಗಳಲ್ಲಿ ಕಲ್ಲಾಗುವ ಈ ಕಟ್ಟು ಲೋಕವನ್ನೇ ಗೆದ್ದಿತು. ಆದರೆ ಕಲ್ಲು ಹಿಗ್ಗುವುದಿಲ್ಲ, ಒಳಗಿನ ಮಾಂಸ ಊದುತ್ತದೆ. ಬಿಗಿಯಾದ ಕಟ್ಟಿನೊಳಗೆ ರಕ್ತ ಸಿಗದೆ ಪೇಶಿಗಳು ಸತ್ತು, ಕೈ ಪಂಜದಂತಾಗುವುದನ್ನು ಜರ್ಮನಿಯ ಫೋಲ್ಕ್‌ಮನ್ ೧೮೮೧ರಲ್ಲಿ ವಿವರಿಸಿದನು. ಆ ವಿಕೃತಿಗೆ ಇಂದಿಗೂ ಆತನ ಹೆಸರೇ ಇದೆ. ನನ್ನ ವಿದ್ಯಾರ್ಥಿಗೆ ಆದದ್ದು ಅದೇ.

ಯುರೋಪಿನಲ್ಲಿಯೂ ಎಲುಬು ಕಟ್ಟುವ ಮನೆತನಗಳಿದ್ದವು, ಅಲ್ಲಿಯೂ ವೈದ್ಯರು ಅವರನ್ನು ಹೀಯಾಳಿಸುತ್ತಿದ್ದರು. ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್ ೧೮೬೭ರಲ್ಲಿ ಇವರು ಗುಣಪಡಿಸುವ ರೋಗಗಳ ಕುರಿತೇ ಉಪನ್ಯಾಸ ಕೊಟ್ಟು, ಅವರಲ್ಲಿನ ಒಳ್ಳೆಯದನ್ನು ಕಲಿಯಿರಿ, ಕೆಟ್ಟದ್ದನ್ನು ಬಿಡಿರಿ ಎಂದು ವೈದ್ಯರಿಗೆ ತಿಳಿಹೇಳಿದನು. ಅದಕ್ಕಿಂತಲೂ ದೊಡ್ಡ ಸಂಗತಿ ಲಿವರ್‌ಪೂಲ್ ಪಟ್ಟಣದಲ್ಲಿ ನಡೆಯಿತು. ವೇಲ್ಸ್ ನಾಡಿನ ಆಂಗಲ್ಸಿಯಿಂದ ಬಂದ ಇವಾನ್ ಥಾಮಸನು ವಂಶಪಾರಂಪರ್ಯವಾಗಿ ಎಲುಬು ಕಟ್ಟುವವನು. ವೈದ್ಯರ ವಿರೋಧದಿಂದ ಬೇಸತ್ತು ತನ್ನ ಐವರು ಗಂಡುಮಕ್ಕಳನ್ನೂ ವೈದ್ಯವಿದ್ಯೆಗೆ ಕಳುಹಿಸಿದನು. ಅವರಲ್ಲಿ ಹ್ಯೂ ಓವೆನ್ ಥಾಮಸನು (೧೮೩೪–೧೮೯೧) ತಂದೆಯ ಕೈಯನ್ನೂ ಕಾಲೇಜಿನ ಶಾರೀರಜ್ಞಾನವನ್ನೂ ಕೂಡಿಸಿ, ಮುರಿದ ತೊಡೆಯನ್ನು ಎಳೆದು ಹಿಡಿಯುವ ಕಬ್ಬಿಣದ ಚೌಕಟ್ಟೊಂದನ್ನು ರಚಿಸಿದನು. ಆತನ ಸಂಬಂಧಿಯೂ ಶಿಷ್ಯನೂ ಆದ ರಾಬರ್ಟ್ ಜೋನ್ಸ್ ಅದನ್ನು ಮೊದಲನೆಯ ಮಹಾಯುದ್ಧದಲ್ಲಿ ಪ್ರಚಾರಕ್ಕೆ ತಂದಾಗ, ತೊಡೆ ಮುರಿದು ಸಾಯುತ್ತಿದ್ದ ಸೈನಿಕರ ಪ್ರಮಾಣ ನೂರಕ್ಕೆ ಸುಮಾರು ೮೦ರಿಂದ ೨೦ರ ಆಸುಪಾಸಿಗೆ ಇಳಿಯಿತೆಂದು ವೈದ್ಯಚರಿತ್ರೆಯಲ್ಲಿ ಹೇಳುತ್ತಾರೆ. ಅಲ್ಲಿ ಕಟ್ಟುವವನ ಮಗನು ಕಾಲೇಜಿಗೆ ಹೋದನು, ಹೋಗಿಯೂ ತಂದೆಯ ಕೈಯನ್ನು ಮರೆಯಲಿಲ್ಲ. ನಮ್ಮಲ್ಲಿ ಕಟ್ಟುವವರ ಮಕ್ಕಳು ಕಾಲೇಜಿಗೆ ಹೋದಾಗ ಬೇರೇನನ್ನೋ ಕಲಿತರು, ತಂದೆಯ ವಿದ್ಯೆ ತಂದೆಯೊಡನೆ ಹೋಯಿತು.

ಉಳಿದುಕೊಂಡ ಮನೆತನಗಳೂ ಉಂಟು. ಬೆಂಗಳೂರು, ಕೋಲಾರದ ಕಡೆಯವರು ‘ಪುತ್ತೂರು ಕಟ್ಟು’ ಎಂದು ಹೇಳುವುದನ್ನು ಕೇಳಿ ನಮ್ಮ ಜಿಲ್ಲೆಯವರು ದಕ್ಷಿಣ ಕನ್ನಡದ ಪುತ್ತೂರೆಂದು ಭ್ರಮಿಸುವುದುಂಟು. ಅದು ತಿರುಪತಿಯ ಸಮೀಪದ ಆಂಧ್ರದ ಪುತ್ತೂರು. ಸೊಪ್ಪಿನ ಅರೆಪು, ಮೊಟ್ಟೆಯ ಬಿಳಿ, ಬಿದಿರಿನ ದಬ್ಬೆ, ಬಟ್ಟೆ ಇವುಗಳಿಂದ ಹಾಕುವ ಆ ಕಟ್ಟಿಗೆ ಒಂದು ಶತಮಾನಕ್ಕೂ ಮಿಕ್ಕಿದ ಖ್ಯಾತಿಯಿದೆ.

ಜರ್ಮನಿಯ ರೋಂಟ್ಜೆನ್ ೧೮೯೫ರ ನವೆಂಬರಿನಲ್ಲಿ ಕ್ಷ-ಕಿರಣವನ್ನು ಕಂಡುಹಿಡಿದ ಮೇಲೆ ಅಶ್ವಕರ್ಣವೋ ಕರ್ಕಟಕವೋ ಎಂಬುದನ್ನು ಬೆರಳಿನಿಂದ ತಡವಿ ಊಹಿಸಬೇಕಾದ ಕಷ್ಟ ತಪ್ಪಿತು. ನಮ್ಮ ಕರಾವಳಿಗೆ ಈ ಸೌಲಭ್ಯಗಳು ಮೆಲ್ಲನೆ ಬಂದವು. ಉಡುಪಿಯಲ್ಲಿ ೧೯೨೩ರಲ್ಲಿ ಸ್ವಿಸ್ ದೇಶದ ವೈದ್ಯೆ ಈವಾ ಲೊಂಬಾರ್ಡ್ ಅವರು ಮಿಶನ್ ಆಸ್ಪತ್ರೆಯನ್ನು ತೆರೆದರು. ೧೯೫೩ರಲ್ಲಿ ಡಾಕ್ಟರ್ ಟಿ. ಎಂ. ಎ. ಪೈಗಳು ಮಣಿಪಾಲದಲ್ಲಿ ಕಸ್ತೂರಬಾ ಮೆಡಿಕಲ್ ಕಾಲೇಜನ್ನು ಸ್ಥಾಪಿಸಿದರು. ಕುಂದಾಪುರದಿಂದ ಮಣಿಪಾಲಕ್ಕೆ ಈಗ ಒಂದು ಗಂಟೆಯ ದಾರಿ. ಹೊಳೆಗಳಿಗೆ ಸೇತುವೆಗಳಿಲ್ಲದೆ, ದೋಣಿ ದಾಟಿ ದಾಟಿ ಹೋಗಬೇಕಾಗಿದ್ದ ಕಾಲದಲ್ಲಿ ಮುರಿದ ತೊಡೆಯವನನ್ನು ಉಡುಪಿಗೆ ಒಯ್ಯುವುದೆಂದರೆ ದಾರಿಯೇ ಎರಡನೆಯ ಪೆಟ್ಟಾಗುತ್ತಿತ್ತು. ಊರಿನವರು ಕಟ್ಟುವವರ ಜಗಲಿಗೆ ಹೋದದ್ದು ಮೂಢನಂಬಿಕೆಯಿಂದಲ್ಲ, ಅವರಿದ್ದದ್ದು ಹತ್ತಿರದಲ್ಲಿ.

ಶಾಸ್ತ್ರವನ್ನೂ ಶಸ್ತ್ರವನ್ನೂ ಕೂಡಿಸಿದವರು ನಮ್ಮ ಕರಾವಳಿಯಲ್ಲಿ ಹುಟ್ಟಲೇ ಇಲ್ಲವೆಂದಲ್ಲ. ೧೯೨೦ರಲ್ಲಿ ಜನಿಸಿದ ಕಟೀಲು ನರಸಿಂಹ ಉಡುಪರು ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಆಯುರ್ವೇದ ಪದವಿ ಪಡೆದು, ಅಮೇರಿಕದಲ್ಲಿ ಶಸ್ತ್ರವೈದ್ಯ ಕಲಿತು, ಕಾಶಿಗೇ ಮರಳಿ ಅಲ್ಲಿನ ವೈದ್ಯವಿಜ್ಞಾನ ಸಂಸ್ಥೆಯನ್ನು ಬೆಳೆಸಿದರು. ಆಯುರ್ವೇದದ ಸ್ಥಿತಿಗತಿಯನ್ನು ವಿಚಾರಿಸಲು ಭಾರತ ಸರಕಾರವು ೧೯೫೮ರಲ್ಲಿ ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. ಚಕ್ರಪಾಣಿದತ್ತನ ಚಿಕಿತ್ಸಾಸಂಗ್ರಹವೇ ಮೊದಲಾದ ಗ್ರಂಥಗಳು ಭಗ್ನಕ್ಕೆ ಹೇಳುವ ‘ಅಸ್ಥಿಸಂಹಾರ’ವನ್ನು ಅವರೂ ಸಹೋದ್ಯೋಗಿಗಳೂ ೧೯೬೦ರ ದಶಕದಲ್ಲಿ ಪ್ರಾಣಿಗಳ ಮೇಲೆ ಪರೀಕ್ಷಿಸಿ, ಎಲುಬಿನ ಕೂಡುಗೆ ಬೇಗನೆ ಗಟ್ಟಿಯಾಗುವುದನ್ನು ಪ್ರಕಟಿಸಿದರು. ಈ ಅಸ್ಥಿಸಂಹಾರ ಮತ್ತೇನೂ ಅಲ್ಲ, ನಮ್ಮ ಬೇಲಿಗಳಲ್ಲಿ ಗೆಣ್ಣು ಗೆಣ್ಣಾಗಿ, ನಾಲ್ಕು ಮೂಲೆಯ ಕಾಂಡದಿಂದ ಹಬ್ಬುವ ಮಂಗರವಳ್ಳಿ. ನಾಲಗೆ ತುರಿಸದಿರಲೆಂದು ಹುಳಿ ಹಾಕಿ ಇದರ ಚಟ್ನಿ ಮಾಡುವ ಹೆಂಗಸರಿಗೆ ಇದು ಎಲುಬಿಗೆ ಒಳ್ಳೆಯದೆಂಬುದು ಮೊದಲೇ ಗೊತ್ತಿತ್ತು. ಹಾಗೆಂದು ಚಟ್ನಿ ತಿಂದರೆ ಸೊಟ್ಟಾದ ಎಲುಬು ನೆಟ್ಟಗಾದೀತೆಂದು ಯಾರೂ ತಿಳಿಯದಿರಲಿ; ಸ್ಥಾನಕ್ಕೆ ಕೂಡಿಸಿದ ಮೇಲಿನ ಮಾತು ಅದು.

ಈಗ ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಹೊಸದಾಗಿ ಮುರಿದು ಊದಿದ ಕೈಗೆ ಸಾಮಾನ್ಯವಾಗಿ ಒಮ್ಮೆಲೇ ಸುತ್ತಲೂ ಪ್ಲಾಸ್ಟರು ಹಾಕುವುದಿಲ್ಲ. ಹತ್ತಿ ಸುತ್ತಿ, ಒಂದು ಬದಿಗೆ ಮಾತ್ರ ಪ್ಲಾಸ್ಟರಿನ ಪಟ್ಟಿಯಿಟ್ಟು ಅರೆಕಟ್ಟು ಹಾಕಿ, ಒಂದೆರಡು ದಿನದಲ್ಲಿ ತೋರಿಸಲು ಹೇಳಿ, ಊತ ಇಳಿದ ಮೇಲೆಯೇ ಪೂರ್ಣ ಕಟ್ಟು ಹಾಕುತ್ತಾರೆ. ಸುಶ್ರುತನ ಮೂರು, ಐದು, ಏಳು ದಿನಗಳ ಲೆಕ್ಕ ಬೇರೊಂದು ವೇಷದಲ್ಲಿ ಮರಳಿದೆ. ಎಲುಬು ಕಟ್ಟುವವರಲ್ಲಿಯೂ ಕೆಲವರು ಕ್ಷ-ಕಿರಣದ ಚಿತ್ರ ತಾರದೆ ಬಂದವರನ್ನು ಮುಟ್ಟುವುದಿಲ್ಲ. ಕಟ್ಟು ಯಾರದೇ ಆಗಿರಲಿ, ಕಟ್ಟಿದ ಮೇಲೆ ನೋವು ಇಳಿಯುವ ಬದಲು ಏರುತ್ತ ಹೋದರೆ, ಬೆರಳುಗಳು ಬಿಳಿಚಿದರೆ ಅಥವಾ ನೀಲಿಗಟ್ಟಿದರೆ, ಜೋಮು ಹಿಡಿದು ತಣ್ಣಗಾದರೆ, ಇನ್ನೊಬ್ಬರು ಮೆಲ್ಲನೆ ಬೆರಳು ನೀಡಿಸಿದಾಗ ಮುಂಗೈಯೊಳಗೆ ತಡೆಯಲಾರದ ನೋವು ಬಂದರೆ, ಕೂಡಲೇ ಕಟ್ಟನ್ನು ಸಡಿಲಿಸಿ ಆಸ್ಪತ್ರೆಗೆ ಒಯ್ಯಬೇಕು. ಅಷ್ಟು ಹೊತ್ತು ಕೈಯನ್ನು ಎದೆಯ ಮಟ್ಟದಲ್ಲಿರಿಸಿದರೆ ಸಾಕು, ಅದಕ್ಕಿಂತ ಮೇಲೆ ಎತ್ತಿ ಹಿಡಿಯುವುದು ಬೇಡ. ರಕ್ತ ಸಿಗದ ಪೇಶಿ ಕೆಲವೇ ಗಂಟೆಗಳಲ್ಲಿ ಶಾಶ್ವತವಾಗಿ ಕೆಡುತ್ತದೆ. ಮಕ್ಕಳ ವಿಷಯದಲ್ಲಂತೂ, ಜೋರಾಗಿ ಅಳುತ್ತಿದ್ದ ಮಗು ಕಟ್ಟಿದ ಎರಡನೆಯ ಮೂರನೆಯ ದಿನ ಏಕಾಏಕಿ ಸುಮ್ಮನಾದರೆ ಮೊದಲು ಅದರ ಬೆರಳುಗಳನ್ನು ನೋಡಬೇಕು.